ನೂರ ಎಂಬತ್ತು ಕಿಲೋ ಜೀವಂತ ಭಾರ

ಆ ವಾರ ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಕ್ರೀಮ್ ಬನ್ನೂ ಖರ್ಚಾಗಲಿಲ್ಲ. ಗುರುವಾರದ ಹೊತ್ತಿಗೆ ಬೇಕರಿಯವರು ಬನ್ನುಗಳನ್ನು ಗಾಜಿನ ಪೆಟ್ಟಿಗೆಯ ಹಿಂದಿನ ಸಾಲಿಗೆ ತಳ್ಳಿ, ಮುಂದೆ ಹುರಿದ ಕಡಲೆ ಇಟ್ಟು, ಬಾಗಿಲಲ್ಲಿ ಕೈಕಟ್ಟಿ ನಿಂತರು. ಹತ್ತಿರ ಹೋದವರು ಮೂಗಿನ ತುಂಬ ಒಂದು ಉಸಿರು ಎಳೆದುಕೊಂಡು ಮುಂದೆ ಸಾಗಿದರೇ ಹೊರತು ಜೇಬಿಗೆ ಕೈ ಹಾಕಲಿಲ್ಲ. ಒಬ್ಬ ಮನುಷ್ಯ ತನ್ನ ಮನೆಯ ಶೆಡ್ಡಿನಲ್ಲಿ ಮೋಟಾರ್ ಸೈಕಲ್ ಎತ್ತುವ ಲಿಫ್ಟ್ ಕಟ್ಟಲು ಹೊರಟರೆ ಬೇಕರಿಗೆ ಬೀಗ ಬೀಳುವ ಪರಿಸ್ಥಿತಿ ಯಾಕೆ ಬರಬೇಕು ಎಂದು ಕೇಳುವವರು ನಮ್ಮ ವಿಜ್ಞಾನಿಯನ್ನು ನೋಡಿಲ್ಲ ಎಂದೇ ಅರ್ಥ.

ವಿಜ್ಞಾನಿ ಎಂಬುದು ಬೀದಿ ಕೊಟ್ಟ ಬಿರುದು. ವೃತ್ತಿಯಿಂದ ಆತ ಹೈಸ್ಕೂಲಿನ ಪ್ರಯೋಗಶಾಲೆಯ ಅಟೆಂಡರ್. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳ ಕೈಗೆ ತಕ್ಕಡಿ ಕೊಟ್ಟು, ಗಂಟೆ ಹೊಡೆದ ಮೇಲೆ ತಕ್ಕಡಿ ವಾಪಸು ಪಡೆದು, ಒರೆಸಿ ಕಪಾಟಿನಲ್ಲಿ ಇಡುತ್ತ ಬಂದವನು. ಅಂಕಿಗಳ ಮೇಲೆ ಆತನಿಗೆ ಬೆಳೆದ ಭಕ್ತಿ ಎಷ್ಟೆಂದರೆ, ಕಾಗದಕ್ಕೆ ಇಳಿದ ಯಾವ ಸಂಖ್ಯೆಯೂ ಸುಳ್ಳಾಗಲಾರದು ಎಂದೇ ನಂಬಿದ್ದ. ಹೆಂಡತಿ ‘ಸಾರಿಗೆ ಸ್ವಲ್ಪ ಉಪ್ಪು ಹಾಕಿ’ ಎಂದಾಗ ‘ಎಷ್ಟು ಗ್ರಾಂ?’ ಎಂದು ಕೇಳಿ ಅಡುಗೆಮನೆಯಿಂದ ಗಡಿಪಾರಾದವನು.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಆತನ ಮಾವನವರ ಮೋಟಾರ್ ಸೈಕಲ್ ನಾಲ್ಕು ತಿಂಗಳಿಂದ ಅರ್ಧ ಬಿಚ್ಚಿಕೊಂಡು ನಿಂತಿತ್ತು. ಮಾವನವರು ಸಾಯುವಾಗ ಮಗನಿಗೂ ಮಗಳಿಗೂ ಸಮಪಾಲು ಎಂದು ಹೇಳಿದರೇ ಹೊರತು, ಒಂದು ಮೋಟಾರ್ ಸೈಕಲನ್ನು ಸಮಪಾಲು ಮಾಡುವುದು ಹೇಗೆಂದು ಹೇಳಲಿಲ್ಲ. ಮಗ ‘ನಂಗ್ಯಾಕೆ ಆ ತಗಡು’ ಎಂದ. ಮಗಳು ತಳ್ಳಿಸಿಕೊಂಡು ತಂದು ಇಟ್ಟುಕೊಂಡಳು. ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಬೆಳೆದವಳು ಅವಳು. ‘ಓಡದೇ ಇದ್ರೂ ಪರವಾಗಿಲ್ಲ ರೀ, ಒಂದ್ಸಲ ಅದರ ಸದ್ದು ಕೇಳಿಸಿ’ ಎಂದು ಗಂಡನಿಗೆ ಹೇಳಿದಳು. ಗಂಡ ಬಗ್ಗಿ ಎಂಜಿನ್ನಿಗೆ ಕೈ ಹಾಕಿದ. ಸೊಂಟ ಹಿಡಿದುಕೊಂಡಿತು. ಬಗ್ಗಿದವನು ನೆಟ್ಟಗಾಗಲು ಒಂದು ವಾರ ಬೇಕಾಯಿತು. ಆ ವಾರ ಬೀದಿಯಲ್ಲಿ ಎದುರಾದವರಿಗೆಲ್ಲ ಆತ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು ನಾವೂ ಪ್ರತಿ ನಮಸ್ಕಾರ ಮಾಡಿದೆವು.

ಆ ಮಗನದು, ಎಂದರೆ ಹೆಂಡತಿಯ ಅಣ್ಣನದು, ಪೇಟೆಯಲ್ಲಿ ದೊಡ್ಡ ಗ್ಯಾರೇಜು. ಹಾಗಾಗಿ ಬೀದಿಗೆಲ್ಲ ಆತ ಗ್ಯಾರೇಜ್ ಭಾವ. ಒಂದು ದಿನ ವಿಜ್ಞಾನಿ ಆ ಗ್ಯಾರೇಜಿಗೆ ಹೋಗಿದ್ದಾಗ ಭಾವ ಹೊಸದಾಗಿ ತರಿಸಿದ ಲಿಫ್ಟ್ ತೋರಿಸಿದ. ಗುಂಡಿ ಒತ್ತಿದರೆ ಸಾಕು, ಮೋಟಾರ್ ಸೈಕಲ್ ನಿಂತ ನಿಲುವಿನಲ್ಲೇ ಎದೆಯ ಮಟ್ಟಕ್ಕೆ ಏರುತ್ತಿತ್ತು.

“ನೋಡಿದ್ರಾ ಭಾವ? ಬಗ್ಗೋ ಕೆಲಸವೇ ಇಲ್ಲ,” ಎಂದ ಗ್ಯಾರೇಜ್ ಭಾವ. ಸೊಂಟದ ಸುದ್ದಿ ಅವನಿಗೆ ತಲುಪಿತ್ತು.

ಕೆಲಸಗಾರರೆಲ್ಲ ಹಲ್ಲು ಬಿಟ್ಟರು. ಅಷ್ಟು ಹಲ್ಲುಗಳ ಎದುರು ನಿಂತ ಮನುಷ್ಯ ಏನು ಹೇಳಬಾರದೋ ಅದನ್ನೇ ವಿಜ್ಞಾನಿ ಹೇಳಿದ.

“ಇದೆಲ್ಲ ಹಳೇ ಪದ್ಧತಿ ಭಾವ. ನಾನು ಮನೇಲೇ ಒಂದು ಕಟ್ತಾ ಇದೀನಿ. ಕರೆಂಟೂ ಬೇಡ, ಗುಂಡೀನೂ ಬೇಡ.”

ಆ ಕ್ಷಣದವರೆಗೆ ಆತ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

“ಹೌದಾ? ಯಾವಾಗ ನೋಡೋಣ?”

“ಬರೋ ಭಾನುವಾರದ ಮುಂದಿನ ಭಾನುವಾರ.”

“ಸರಿ. ನಿಮ್ಮ ಲಿಫ್ಟು ಗಾಡಿಯಷ್ಟು ಭಾರ ಹೊತ್ತು ನಿಂತರೆ ಗಾಡಿ ನಿಮ್ಮದೇ. ನಾನು ಅದರ ಹೆಸರೂ ಎತ್ತಲ್ಲ. ನಿಲ್ಲದೇ ಇದ್ರೆ ಗುಜರಿಯವನನ್ನ ಕರ್ಕೊಂಡೇ ಬರ್ತೀನಿ. ಅಪ್ಪನ ಗಾಡಿ ಹಾಗೆ ಕೈಕಾಲು ಮುರ್ಕೊಂಡು ಬಿದ್ದಿರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ.”

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ, “ಲೆಕ್ಕದಲ್ಲಿ ನೀವು ತಪ್ಪೋರಲ್ಲ. ಆದ್ರೆ ಬಾಯಿ ಬಿಡೋದ್ರಲ್ಲಿ ತಪ್ತೀರಿ,” ಎಂದಳು. “ಅದು ಗುಜರಿಗೆ ಹೋದ್ರೆ ಮಾತ್ರ ನಾನು ನಿಮ್ಮ ಹತ್ರ ಆಗಲಿ, ಅವನ ಹತ್ರ ಆಗಲಿ ಮಾತಾಡಲ್ಲ.”

ವಿಜ್ಞಾನಿ ಕಟ್ಟಿದ. ಆ ಮಟ್ಟಿಗೆ ಯಾರೂ ಅವನನ್ನು ಆಡಿಕೊಳ್ಳುವಂತಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಂಬ ನೆಟ್ಟ. ಒಂದೊಂದು ಕಂಬಕ್ಕೂ ಕೆಳಗಿನಿಂದ ಮೇಲಕ್ಕೆ ಐದು ತೂತು. ನಡುವೆ ದಪ್ಪ ಹಲಗೆಯ ಅಟ್ಟಣಿಗೆ. ಅಟ್ಟಣಿಗೆಯ ಕೆಳಗೆ ಕಾರಿನ ಹಳೇ ಜ್ಯಾಕ್. ಜ್ಯಾಕ್ ಒತ್ತಿ ಅಟ್ಟಣಿಗೆಯನ್ನು ಒಂದು ತೂತಿನಷ್ಟು ಎತ್ತುವುದು, ನಾಲ್ಕೂ ಕಂಬಗಳ ತೂತಿಗೆ ಕಬ್ಬಿಣದ ಕಡ್ಡಿ ತೂರಿಸಿ ಅಟ್ಟಣಿಗೆಯನ್ನು ಅದರ ಮೇಲೆ ಕೂರಿಸುವುದು, ಜ್ಯಾಕಿನ ಕೆಳಗೆ ಒಂದು ಮರದ ದಿಮ್ಮಿ ಇಟ್ಟು ಮತ್ತೆ ಒತ್ತುವುದು. ಐದನೇ ತೂತು ಮುಟ್ಟಿದರೆ ಎಂಜಿನ್ನು ವಿಜ್ಞಾನಿಯ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಕಡ್ಡಿಗಳು ಪ್ರಯೋಗಶಾಲೆಯ ಹಳೆಯ ಸ್ಟ್ಯಾಂಡಿನವು. ಒಂದೊಂದಕ್ಕೂ ಐವತ್ತು ಕಿಲೋದ ಸಿಮೆಂಟ್ ಮೂಟೆ ನೇತುಹಾಕಿ ನೋಡಿದ್ದ. ಕಡ್ಡಿ ಮಿಸುಕಲಿಲ್ಲ. ಅರವತ್ತಕ್ಕೆ ಬಾಗುತ್ತದೆ ಎಂಬುದನ್ನೂ ಒಂದು ಕಡ್ಡಿಯನ್ನು ಬಲಿಕೊಟ್ಟು ಕಂಡುಕೊಂಡಿದ್ದ. ನಾಲ್ಕು ಕಡ್ಡಿ, ಇನ್ನೂರು ಕಿಲೋ. ಮೋಟಾರ್ ಸೈಕಲ್ ನೂರ ಎಪ್ಪತ್ತು, ಸಲಕರಣೆ ಹತ್ತು; ಒಟ್ಟು ನೂರ ಎಂಬತ್ತು. ಇಪ್ಪತ್ತು ಕಿಲೋ ಧಾರಾಳವಾಗಿ ಮಿಕ್ಕಿತು.

“ಅಪ್ಪನ ಗಾಡಿ ಹತ್ತಿಸೋ ಮುಂಚೆ ಬೇರೆ ಏನಾದ್ರೂ ಹತ್ತಿಸಿ ನೋಡಿ,” ಎಂದಳು ಹೆಂಡತಿ. “ಆ ಸಿಮೆಂಟ್ ಮೂಟೆನೇ ಇಡಿ, ನಾಲ್ಕು.”

“ಸಿಮೆಂಟ್ ಮೂಟೆ ಉಸಿರಾಡಲ್ಲ ಕಣೇ.”

“ಅಂದ್ರೆ?”

“ಎಂಜಿನ್ ಶುರುವಾದ್ರೆ ಗಾಡಿ ನಡುಗುತ್ತೆ. ಮೂಟೆ ನಡುಗಲ್ಲ. ಪರೀಕ್ಷೆಗೆ ನಡುಗೋ ಭಾರ ಬೇಕು. ಜೀವಂತ ಭಾರ.”

ಹೀಗೆ ವಿಜ್ಞಾನಿಗೆ ನೂರ ಎಂಬತ್ತು ಕಿಲೋ ಮನುಷ್ಯರು ಬೇಕಾದರು. ಪ್ರಯೋಗಶಾಲೆಯ ತಕ್ಕಡಿಗೆ ಕಾಲು ಕಿಲೋ ದಾಟಿದರೆ ಬುದ್ಧಿ ಕೆಡುತ್ತಿದ್ದುದರಿಂದ ಜನರನ್ನು ತೂಗುವ ಪ್ರಶ್ನೆ ಇರಲಿಲ್ಲ. ತೂಗುವುದು ಯಾಕೆ? ಅವರವರ ತೂಕ ಅವರವರಿಗೆ ಗೊತ್ತಿರುವುದಿಲ್ಲವೇ? ಮಂಗಳವಾರ ಸಂಜೆ ಆತ ಶಾಲೆಯ ಹೆಸರು ಅಚ್ಚಾಗಿದ್ದ ಒಂದು ಉದ್ದನೆಯ ಪುಸ್ತಕ ಹಿಡಿದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬೀದಿಗೆ ಇಳಿದ.

ಮೊದಲನೇ ಮನೆ ಡ್ರಿಲ್ ಟೀಚರದು. ಅದೇ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳನ್ನು ಓಡಿಸಿ, ಆರು ವರ್ಷದ ಹಿಂದೆ ನಿವೃತ್ತರಾದವರು. ಗಿಡಕ್ಕೆ ನೀರು ಹಾಕುವಾಗಲೂ ‘ಎಡ, ಬಲ’ ಎನ್ನುವವರು.

“ಟೀಚರ್, ನಿಮ್ಮ ತೂಕ ಎಷ್ಟು?”

ನೀರಿನ ಧಾರೆ ಗಿಡ ಬಿಟ್ಟು ಚಪ್ಪಲಿಯ ಮೇಲೆ ಬಿತ್ತು. “ಏನಂದೆ?”

“ತೂಕ. ಕಿಲೋದಲ್ಲಿ.”

“ಯಾಕಪ್ಪಾ, ಮಾರ್ತೀಯಾ ನನ್ನ?”

“ಕಾರಣ ಈಗ ಹೇಳೋ ಹಾಗಿಲ್ಲ ಟೀಚರ್. ಭಾನುವಾರ ಎಲ್ಲರಿಗೂ ಗೊತ್ತಾಗುತ್ತೆ.”

ಲಿಫ್ಟ್ ಹೇಗೆ ಕಟ್ಟಿದ್ದೆಂಬ ಗುಟ್ಟು ಗ್ಯಾರೇಜ್ ಭಾವನ ಕಿವಿಗೆ ಮುಂಚೆಯೇ ಬೀಳಬಾರದೆಂದು ಆತ ಹಾಗೆ ಹೇಳಿದ್ದು. ಟೀಚರ್ ಅವನ ಕೈಯಲ್ಲಿದ್ದ ಪುಸ್ತಕ ನೋಡಿದರು. ಕಿವಿಯ ಪೆನ್ಸಿಲ್ ನೋಡಿದರು. ಬೆನ್ನು ನೆಟ್ಟಗೆ ಮಾಡಿಕೊಂಡರು.

“ನಲವತ್ತಾರು. ರಿಟೈರಾದ ದಿನ ಎಷ್ಟಿತ್ತೋ ಅಷ್ಟೇ. ಒಂದು ಗ್ರಾಂ ಆಚೆ ಈಚೆ ಇಲ್ಲ.”

“ಗ್ರಾಂ ಬೇಡ ಟೀಚರ್,” ಎಂದು ಬರೆದುಕೊಂಡು ವಿಜ್ಞಾನಿ ಮುಂದಿನ ಮನೆಗೆ ಹೋದ.

ಅವನು ಮೂರನೇ ಮನೆ ತಲುಪುವ ಮುಂಚೆ ಟೀಚರ್ ಬೇಕರಿ ತಲುಪಿದ್ದರು.

“ಗೊತ್ತಾಯ್ತಾ? ಸರ್ಕಾರದಿಂದ ಎಲ್ಲರ ತೂಕ ಬರ್ಕೊಳ್ತಿದಾರೆ. ಶಾಲೆಯವರಿಗೇ ವಹಿಸಿದಾರೆ.”

“ಯಾಕಂತೆ?” ಎಂದರು ಬೇಕರಿಯವರು.

“ಶಾಲೆಯವರಿಗೆ ಯಾಕೆ ವಹಿಸ್ತಾರೆ ಹೇಳಿ? ಮೈದಾನ ಇರೋದು ಎಲ್ಲಿ? ಶಾಲೇಲಿ. ತೂಕ ಜಾಸ್ತಿ ಇದ್ದೋರನ್ನ ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಓಡಿಸ್ತಾರೆ. ಕಡ್ಡಾಯವಾಗಿ. ಓಡಿಸೋಕೆ ಅನುಭವ ಇರೋರು ಬೇಕಲ್ಲ? ಅದಕ್ಕೇ ಮೊದಲು ನನ್ನ ಮನೆಗೇ ಬಂದದ್ದು.”

ಬೇಕರಿಯವರು ಕ್ರೀಮ್ ಬನ್ನುಗಳ ಕಡೆ ಒಮ್ಮೆ, ತಮ್ಮ ಹೊಟ್ಟೆಯ ಕಡೆ ಒಮ್ಮೆ ನೋಡಿದರು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಅಪಾಯವಿದೆ ಎಂದು ಅವರಿಗೆ ತಕ್ಷಣ ತೀರ್ಮಾನಿಸಲಾಗಲಿಲ್ಲ. ವಿಜ್ಞಾನಿ ಬಂದು ಕೇಳಿದಾಗ, “ನೋಡೋಕೆ ದಪ್ಪ ಅಷ್ಟೇ ಕಣ್ರೀ, ಒಳಗೆಲ್ಲ ಗಾಳಿ, ಬನ್ನಿನ ಹಾಗೆ. ಎಂಬತ್ತು ಬರ್ಕೊಳ್ಳಿ,” ಎಂದರು.

ಸುದ್ದಿ ಬಾಗಿಲಿಂದ ಬಾಗಿಲಿಗೆ ವಿಜ್ಞಾನಿಗಿಂತ ಎರಡು ಮನೆ ಮುಂದೆಯೇ ನಡೆಯಿತು. ಬಾಗಿಲು ತೆರೆದವರೆಲ್ಲ ಹೊಟ್ಟೆಯನ್ನು ಒಳಗೆ ಎಳೆದುಕೊಂಡೇ ಸ್ವಾಗತಿಸಿದರು. ಮೂಲೆಮನೆಯ ಬಸ್ ಡ್ರೈವರ್ ತನ್ನ ತೂಕವನ್ನು ಕಿವಿಯಲ್ಲಿ ಹೇಳಿದ. ಅವನ ಅತ್ತೆ ತಮಗೆ ತೂಕವೇ ಇಲ್ಲ, ಬರೀ ಮಂಡಿನೋವು ಇದೆ ಎಂದರು. ನಾನು ಹೇಳಿದ್ದು ಅರವತ್ತೆರಡು. ಇದರ ಬಗ್ಗೆ ಹೆಚ್ಚಿನ ವಿವರ ಈ ಕಥೆಗೆ ಬೇಕಾಗಿಲ್ಲ. ಒಟ್ಟಿನಲ್ಲಿ, ಎರಡು ಸಂಜೆಯೊಳಗೆ ನಮ್ಮ ಬೀದಿ ಯಾವ ವ್ಯಾಯಾಮವೂ ಇಲ್ಲದೆ ಮುನ್ನೂರು ಕಿಲೋ ಇಳಿಯಿತು.

ಬುಧವಾರ ವಿಜ್ಞಾನಿ ಪಟ್ಟಿ ಮುಂದಿಟ್ಟುಕೊಂಡು ಕೂಡಿಸಿದ, ಕಳೆದ, ಹೊಂದಿಸಿದ. ಬೇಕರಿಯವರು ಎಂಬತ್ತು. ಡ್ರಿಲ್ ಟೀಚರ್ ನಲವತ್ತಾರು. ಐವತ್ತನಾಲ್ಕು ಬೇಕು. ಹೆಂಡತಿ! ಅವಳನ್ನು ಕೇಳುವ ಅಗತ್ಯವೇ ಆತನಿಗೆ ಕಾಣಲಿಲ್ಲ. ಮದುವೆಯಾದ ವರ್ಷ ಇಬ್ಬರೂ ರೈಲು ನಿಲ್ದಾಣದಲ್ಲಿ ತೂಕದ ಯಂತ್ರ ಹತ್ತಿದ್ದರು. ದೀಪಗಳು ಗಿರಗಿರ ತಿರುಗಿ, ರಟ್ಟಿನ ಚೀಟಿ ಉದುರಿತ್ತು. ಅದರಲ್ಲಿ ಐವತ್ತನಾಲ್ಕು ಎಂದು ಅಚ್ಚಾಗಿತ್ತು. ಬಾಯಲ್ಲಿ ಹೇಳಿದ್ದಲ್ಲ, ಅಚ್ಚಾದದ್ದು. ಇಡೀ ಪಟ್ಟಿಯಲ್ಲಿ ಅದಕ್ಕಿಂತ ಖಾತ್ರಿಯಾದ ಸಂಖ್ಯೆ ಇನ್ನೊಂದಿಲ್ಲ ಎಂದುಕೊಂಡು ಆತ ಅದನ್ನು ಸ್ವಲ್ಪ ದಪ್ಪಕ್ಷರದಲ್ಲೇ ಬರೆದ.

ಶುಕ್ರವಾರ ಆರೋಗ್ಯ ನಿರೀಕ್ಷಕರು ಸ್ಕೂಟರ್ ನಿಲ್ಲಿಸಿದರು. ತಮ್ಮ ವಾರ್ಡಿನಲ್ಲಿ ತಮಗೆ ತಿಳಿಯದಂತೆ ಜನರ ತೂಕ ದಾಖಲಾಗುತ್ತಿದೆ ಎಂಬ ಸುದ್ದಿ ಅವರಿಗೆ ಬೇಕರಿಯಲ್ಲಿ ಚಹಾದ ಜೊತೆ ಸಿಕ್ಕಿತ್ತು.

“ಯಾರ ಆದೇಶದ ಮೇಲೆ ಮಾಡ್ತಿದೀರಿ ಇದನ್ನೆಲ್ಲ?” ಎಂದರು ಗೇಟಿನಿಂದಲೇ.

ವಿಜ್ಞಾನಿಗೆ ಸರ್ಕಾರಿ ದನಿ ಕೇಳಿದರೆ ನಾಲಿಗೆ ಒಣಗುತ್ತಿತ್ತು. “ಅದು... ಹೇಳೋ ಹಾಗಿಲ್ಲ ಸಾರ್. ಭಾನುವಾರ ಹತ್ತು ಗಂಟೆಗೆ...”

ನಿರೀಕ್ಷಕರು ತಣ್ಣಗಾದರು. ಹೇಳೋ ಹಾಗಿಲ್ಲ ಎಂದರೆ ಗುಪ್ತ ಸುತ್ತೋಲೆ. ಗುಪ್ತ ಸುತ್ತೋಲೆ ಎಂದರೆ ಅದು ತಮ್ಮ ಮೇಜಿನ ಮೇಲೆ ಎಲ್ಲೋ ಬಿದ್ದಿದೆ, ತಾವು ಓದಿಲ್ಲ. ಹಿಂದೆ ಹೀಗೆಯೇ ಒಂದು ಸುತ್ತೋಲೆ ಓದದೆ ಇದ್ದುದಕ್ಕೆ ಅವರು ಮೂರು ವರ್ಷ ಸೊಳ್ಳೆ ವಿಭಾಗದಲ್ಲಿ ಇರಬೇಕಾಗಿ ಬಂದಿತ್ತು.

“ಗೊತ್ತು, ಗೊತ್ತು,” ಎಂದು ನಕ್ಕರು. “ನನಗೂ ಬಂದಿದೆ. ನೀವು ಗುಟ್ಟು ಬಿಟ್ಟುಕೊಡ್ತೀರಾ ಅಂತ ಪರೀಕ್ಷೆ ಮಾಡ್ದೆ. ಭೇಷ್. ಎಲ್ಲಿ, ಪಟ್ಟಿ ಕೊಡಿ.”

ಸ್ಕೂಟರ್ ಸೀಟಿನ ಮೇಲೆ ಪುಸ್ತಕ ಇಟ್ಟು, ಪ್ರತಿ ಪುಟಕ್ಕೂ ಸಹಿ ಮಾಡಿ, ಜೇಬಿನಿಂದ ಮೊಹರು ತೆಗೆದು ಬಾಯಿಂದ ಹಬೆ ಊದಿ ಒತ್ತಿದರು. ‘ಪರಿಶೀಲಿಸಿದೆ, ಸರಿಯಾಗಿದೆ.’ ಹೀಗೆ ನಮ್ಮ ಬೀದಿಯ ಮುನ್ನೂರು ಕಿಲೋ ಸುಳ್ಳು ಸರ್ಕಾರಿ ಸತ್ಯವಾಯಿತು. ವಿಜ್ಞಾನಿ ಆ ರಾತ್ರಿ ಮಗುವಿನಂತೆ ಮಲಗಿದನಂತೆ.

ಭಾನುವಾರ ಹತ್ತಕ್ಕೆ ಬೀದಿಗೆ ಬೀದಿಯೇ ಶೆಡ್ಡಿನ ಮುಂದೆ ನೆರೆಯಿತು. ಡ್ರಿಲ್ ಟೀಚರ್ ಬಿಳಿ ಬೂಟು ಹಾಕಿ, ಕೊರಳಿಗೆ ಸೀಟಿ ತೂಗಿಕೊಂಡು ಬಂದಿದ್ದರು. ನಿರೀಕ್ಷಕರು ಎಲ್ಲ ಗೊತ್ತಿರುವವರ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ವಿಜ್ಞಾನಿ ಶೆಡ್ಡಿನ ಬಾಗಿಲು ತೆರೆದು, ಗಂಟಲು ಸರಿಪಡಿಸಿಕೊಂಡು, ಲಿಫ್ಟ್ ತೋರಿಸಿ, ಎಲ್ಲವನ್ನೂ ವಿವರಿಸಿದ.



“ಅಂದ್ರೆ ಓಟ ಇಲ್ವಾ?” ಎಂದರು ಟೀಚರ್, ಸೀಟಿ ಹಿಡಿದುಕೊಂಡು.

“ಓಟ ಯಾಕೆ ಟೀಚರ್? ಸುಮ್ನೆ ನಿಂತ್ಕೊಂಡ್ರೆ ಸಾಕು. ನೀವು ನಲವತ್ತಾರು. ಇವಳು ಐವತ್ತನಾಲ್ಕು. ಬೇಕರಿಯವರು ಎಂಬತ್ತು. ಬನ್ನಿ ಬೇಕರಿಯವರೇ.”

“ಅಯ್ಯೋ, ಒಲೇಲಿ ಬ್ರೆಡ್ಡಿದೆ!” ಎಂದು ಬೇಕರಿಯವರು ತಿರುಗಿದರು. ಅಷ್ಟು ಭಾರದ ಮನುಷ್ಯ ಅಷ್ಟು ವೇಗವಾಗಿ ಓಡುವುದನ್ನು ನಾವು ಕಂಡೇ ಇರಲಿಲ್ಲ. ಅಂತೂ ಒಬ್ಬರಾದರೂ ಓಡಿದ್ದರಿಂದ ಟೀಚರಿಗೆ ಕೊಂಚ ಸಮಾಧಾನವಾಗಿರಬೇಕು.

ಅಷ್ಟರಲ್ಲಿ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಗ್ಯಾರೇಜ್ ಭಾವ ಇಳಿದ. ಹಿಂದಿನಿಂದ ಗುಜರಿಯವನು ಇಳಿದು, ಮೂಟೆ ತೂಗುವ ದೊಡ್ಡ ಯಂತ್ರವನ್ನು ಇಳಿಸಿ ಅಂಗಳದಲ್ಲಿ ಸಮ ಮಾಡಿ ಇಟ್ಟ.

“ಇನ್ನೂ ಶುರುವಾಗಿಲ್ವಾ ಭಾವ?”

“ಎಂಬತ್ತು ಕಿಲೋದವರೊಬ್ಬರು ಓಡಿಹೋದ್ರು.”

“ಅಷ್ಟೇನಾ? ನಾನಿಲ್ವಾ? ನಂದೂ ಎಂಬತ್ತೇ. ಬರ್ಕೊಳ್ಳಿ.”

ವಿಜ್ಞಾನಿ ಬರೆದುಕೊಂಡ. ನಿರೀಕ್ಷಕರು ಕೂತಲ್ಲಿಂದಲೇ ಕೈ ಚಾಚಿ ಅದಕ್ಕೂ ಮೊಹರು ಒತ್ತಿದರು.

ಹೆಂಡತಿ ಗಂಡನ ಭುಜದ ಮೇಲಿಂದ ಬಗ್ಗಿ ಪಟ್ಟಿ ನೋಡಿದಳು. ತನ್ನ ಹೆಸರಿನ ಮುಂದಿದ್ದ ಸಂಖ್ಯೆ ನೋಡಿ, “ರೀ, ಒಂದ್ನಿಮಿಷ...” ಎಂದಳು.

“ಐವತ್ತನಾಲ್ಕಾ?” ಎಂದು ಟೀಚರ್ ಅವಳನ್ನು ಮೇಲಿನಿಂದ ಕೆಳಗೆ ಅಳೆದರು. “ಪರವಾಗಿಲ್ವೇ. ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ.”

ಹೆಂಡತಿ ಬಾಯಿ ಮುಚ್ಚಿಕೊಂಡು ಅಟ್ಟಣಿಗೆ ಹತ್ತಿದಳು. ಹಿಂದೆಯೇ ಟೀಚರ್ ಹತ್ತಿದರು. ಹತ್ತದೆ ಇದ್ದರೆ ಬಿಳಿ ಬೂಟಿಗೆ ಅವಮಾನ. ಕೊನೆಗೆ ಗ್ಯಾರೇಜ್ ಭಾವ ಹತ್ತಿದ. ಹಲಗೆ ಏನೋ ಹೇಳಿತು. ಯಾರೂ ಕೇಳಿಸಿಕೊಳ್ಳಲಿಲ್ಲ.

ವಿಜ್ಞಾನಿ ಜ್ಯಾಕ್ ಒತ್ತಿದ. ಮೊದಲನೇ ತೂತು, ಕಡ್ಡಿ, ದಿಮ್ಮಿ. ಜನ ಚಪ್ಪಾಳೆ ತಟ್ಟಿದರು. ಎರಡನೇ ತೂತು. ಕಡ್ಡಿಗಳನ್ನು ಎಳೆಯುವಾಗ ಸ್ವಲ್ಪ ಬಿಗಿ ಅನ್ನಿಸಿತು, ಉತ್ಸಾಹದಲ್ಲಿ ಗಮನಿಸಲಿಲ್ಲ. ಮೂರನೇ ತೂತು. “ನಡುಗಿ, ನಡುಗಿ, ಎಂಜಿನ್ ಥರ ನಡುಗಿ!” ಎಂದು ಕೂಗಿದ. ಟೀಚರ್ ಆಗಲೇ ನಡುಗುತ್ತಿದ್ದರು. ನಾಲ್ಕನೇ ತೂತಿಗೆ ಕಡ್ಡಿ ತೂರಿಸಿ ಜ್ಯಾಕ್ ಸಡಿಲಿಸಿದ. ಇನ್ನು ಒಂದೇ ಒಂದು ತೂತು ಬಾಕಿ.

ನಾಲ್ಕೂ ಕಡ್ಡಿಗಳು, ಒಂದೇ ಶಾಲೆಯಲ್ಲಿ ಕಲಿತವು ತಾನೇ, ಒಟ್ಟಿಗೆ ಶಿಸ್ತಾಗಿ ತಲೆಬಾಗಿದವು. ಅಟ್ಟಣಿಗೆ ‘ಕೊರ್ರ್’ ಎಂದು ಜಾರಿ ಜ್ಯಾಕಿನ ಮೇಲೆ ಕೂತಿತು. ಜ್ಯಾಕ್ ‘ಉಸ್ಸ್’ ಎಂದು ನಿಟ್ಟುಸಿರು ಬಿಡುತ್ತ ನಿಧಾನವಾಗಿ ಇಳಿಯಿತು. ಹಲಗೆ ಕಂಬಗಳ ನಡುವೆ ಓರೆಯಾಗಿ ಸಿಕ್ಕಿಕೊಂಡಿತು. ಯಾರಿಗೂ ಗಾಯವಾಗಲಿಲ್ಲ. ಧೂಳು ಕೂತಾಗ ನೋಡಿದರೆ ಗ್ಯಾರೇಜ್ ಭಾವ ಡ್ರಿಲ್ ಟೀಚರನ್ನು ತಬ್ಬಿಕೊಂಡಿದ್ದ, ಟೀಚರ್ ಕಂಬವನ್ನು ತಬ್ಬಿಕೊಂಡಿದ್ದರು, ಹೆಂಡತಿ ಯಾರನ್ನೂ ತಬ್ಬಿಕೊಳ್ಳದೆ ಗಂಡನನ್ನೇ ನೋಡುತ್ತಿದ್ದಳು.

ಸ್ಟೂಲು ಹಾಕಿ ಮೂವರನ್ನೂ ಇಳಿಸಿದೆವು.

“ಮುಗೀತಲ್ಲ ಭಾವ?” ಎಂದ ಗ್ಯಾರೇಜ್ ಭಾವ, ಅಂಗಿ ಕೊಡವಿಕೊಳ್ಳುತ್ತ. “ಮಾತು ಅಂದ್ರೆ ಮಾತು. ಏಯ್, ಗಾಡಿಗೆ ಹಗ್ಗ ಹಾಕಯ್ಯಾ.”

ವಿಜ್ಞಾನಿ ಬಾಗಿದ ಕಡ್ಡಿ ಹಿಡಿದು ನಿಂತಿದ್ದ. “ಐವತ್ತು ನಾಲ್ಕಲಿ ಇನ್ನೂರು. ಹೊತ್ತಿದ್ದು ನೂರ ಎಂಬತ್ತು. ಬಾಗಬಾರದು. ಐವತ್ತು ನಾಲ್ಕಲಿ ಇನ್ನೂರು...”

“ಪಟ್ಟಿಯೇ ತಪ್ಪಿರಬಹುದಲ್ಲ,” ಎಂದರು ಯಾರೋ ಹಿಂದಿನಿಂದ.

“ಪಟ್ಟಿ ಹೇಗ್ರೀ ತಪ್ಪುತ್ತೆ? ಮೊಹರಿದೆ,” ಎಂದರು ನಿರೀಕ್ಷಕರು.

ನಾವೆಲ್ಲ ನೆಲ ನೋಡಿದೆವು. ಅಂಗಳದಲ್ಲಿದ್ದ ಒಬ್ಬೊಬ್ಬರಿಗೂ ಕಡ್ಡಿ ಯಾಕೆ ಬಾಗಿತೆಂದು ಚೆನ್ನಾಗಿ ಗೊತ್ತಿತ್ತು. ಹೇಳುವ ಬಾಯಿ ಒಂದೂ ಇರಲಿಲ್ಲ. ಗುಜರಿಯವನು ಮೋಟಾರ್ ಸೈಕಲಿಗೆ ಹಗ್ಗ ಬಿಗಿದು ತೂಕದ ಯಂತ್ರದ ಕಡೆಗೆ ತಳ್ಳತೊಡಗಿದ. ಮುಂದಿನ ಚಕ್ರ ‘ಕಿರ್, ಕಿರ್’ ಎಂದಿತು.

ಚಕ್ರ ಹತ್ತುವ ಮುಂಚೆ ವಿಜ್ಞಾನಿಯ ಹೆಂಡತಿ ಯಂತ್ರದ ಮೇಲೆ ಹತ್ತಿ ನಿಂತಳು.

“ಅಕ್ಕಾ, ಅದು ಗಾಡಿಗೆ,” ಎಂದ ಗುಜರಿಯವನು.

“ಗೊತ್ತು. ಎಷ್ಟಿದೆ ಓದು.”

ಅವನು ಬಗ್ಗಿ ನೋಡಿ ಏನೋ ಗೊಣಗಿದ.

“ಜೋರಾಗಿ ಓದಪ್ಪಾ. ಆ ಕೊನೇಲಿ ನಿಂತೋರಿಗೂ ಕೇಳಿಸಲಿ.”

“ಎಪ್ಪತ್ತೊಂದು!”

ವಿಜ್ಞಾನಿ ಪಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. “ಯಂತ್ರ ಕೆಟ್ಟಿರಬೇಕು,” ಎಂದ.

“ಯಂತ್ರ ಸರಿಯಾಗೇ ಇದೆ. ಐವತ್ತನಾಲ್ಕು ಇದ್ದದ್ದು ಹತ್ತೊಂಬತ್ತು ವರ್ಷದ ಹಿಂದೆ. ಬೀದೀಲಿ ಒಂದು ಮನೆ ಬಿಡದೆ ಹೋಗಿ ಕೇಳ್ಕೊಂಡು ಬಂದ್ರಿ. ಪಕ್ಕದ ಕೋಣೇಲಿದ್ದೆ ನಾನು. ನನ್ನೊಬ್ಬಳನ್ನ ಕೇಳಲಿಲ್ಲ.”

ವಿಜ್ಞಾನಿ ಪಟ್ಟಿಯಲ್ಲಿ ತಿದ್ದಿದ. ಆಮೇಲೆ ಕೂಡಿಸಿದ. “ನೂರ ತೊಂಬತ್ತೇಳು.”

“ಇನ್ನೂ ಇನ್ನೂರು ಆಗ್ಲಿಲ್ಲವಲ್ಲ,” ಎಂದ ಗ್ಯಾರೇಜ್ ಭಾವ. “ತಳ್ಳಯ್ಯಾ ಗಾಡಿ.”

ಮೂರು ಕಿಲೋ. ಬರೀ ಮೂರು ಕಿಲೋ ಬೇಕಿತ್ತು. ಬೀದಿಯ ಕಣ್ಣೆಲ್ಲ ಡ್ರಿಲ್ ಟೀಚರ ಕಡೆ ತಿರುಗಿತು.

“ನನ್ನನ್ಯಾಕೆ ನೋಡ್ತೀರಿ?”

ವಿಜ್ಞಾನಿಯ ಹೆಂಡತಿ ಯಂತ್ರದಿಂದ ಇಳಿದು, ಒಂದು ಹೆಜ್ಜೆ ಹಿಂದೆ ಸರಿದು, ಜಾಗ ಬಿಟ್ಟಳು.

ಟೀಚರ್ ಸೀಟಿ ಊದಿದರು. ಮೂರು ಬೀದಿಗೆ ಕೇಳಿಸುವ ಸೀಟಿ. “ಎಲ್ಲರೂ ಹಿಂದೆ ತಿರುಗ್!”

ಅವರ ಕೈಯಲ್ಲಿ ಶಾಲೆ ಕಲಿತವರೇ ನಮ್ಮಲ್ಲಿ ಅರ್ಧಕ್ಕರ್ಧ. ಮಿಕ್ಕವರಿಗೂ ಆ ದನಿ ಸಾಕಾಯಿತು. ಬಸ್ ಡ್ರೈವರ್, ಅವನ ಅತ್ತೆ, ಗ್ಯಾರೇಜ್ ಭಾವ, ಕುರ್ಚಿಯಿಂದೆದ್ದ ನಿರೀಕ್ಷಕರು ಎಲ್ಲರೂ ಹಿಮ್ಮಡಿಯ ಮೇಲೆ ಗಿರ್ರನೆ ತಿರುಗಿ ಗೋಡೆ ನೋಡುತ್ತ ನಿಂತೆವು. ಬೆನ್ನ ಹಿಂದೆ ಬಿಳಿ ಬೂಟು ಯಂತ್ರ ಹತ್ತಿದ ಸದ್ದು. ಪಿಸುಮಾತು. ಪೆನ್ಸಿಲ್ ಗೀಚಿದ ಸದ್ದು.

“ಮುಂದೆ ತಿರುಗ್!”

“ಟೀಚರದು ಅರವತ್ತನಾಲ್ಕು,” ಎಂದು ವಿಜ್ಞಾನಿ ಗಟ್ಟಿಯಾಗಿ ಓದಿಬಿಟ್ಟ. “ಒಟ್ಟು ಇನ್ನೂರ ಹದಿನೈದು!”

ಟೀಚರ್ ಅವನನ್ನು ನೋಡಿದ ನೋಟಕ್ಕೆ ಮೊಹರು ಕರಗಬೇಕಿತ್ತು. “ರಿಟೈರಾದ ಮೇಲೆ ಬಂದದ್ದು,” ಎಂದರು ನಮಗೆ. “ಬರೀ ಬೇಜಾರು. ಬೇಜಾರಿಗೂ ತೂಕ ಇರುತ್ತೆ.”

ಗ್ಯಾರೇಜ್ ಭಾವ ಸೋಲುವವನಲ್ಲ. “ನಿಲ್ಲಿ ಭಾವ. ಕಡ್ಡಿ ಬಾಗೋದು ಅರವತ್ತಕ್ಕೆ ಅಂತ ನಿಮ್ಮ ಪುಸ್ತಕದಲ್ಲೇ ಬರೆದಿದೆ. ಅರವತ್ತು ನಾಲ್ಕಲಿ ಇನ್ನೂರ ನಲವತ್ತು. ಇನ್ನೂರ ಹದಿನೈದಕ್ಕೇ ಬಾಗಿದೆ ಅಂದ್ರೆ ಕಡ್ಡಿ ಲೊಟ್ಟೆ ಅಂತ ತಾನೇ? ಇನ್ನೂ ಇಪ್ಪತ್ತೈದು ಕಿಲೋ ಎಲ್ಲಿಂದ...”

ಅಲ್ಲಿಗೆ ಆತ ನಿಲ್ಲಿಸಿದ. ಇಪ್ಪತ್ತೈದು ಕಿಲೋ ಎಲ್ಲಿಂದ ಬರಬೇಕೆಂಬುದು ಅವನಿಗೂ ಹೊಳೆದಿತ್ತು. ಮೂವರಲ್ಲಿ ಇಬ್ಬರು ತೂಗಿಸಿಕೊಂಡಾಗಿತ್ತು.

“ಇನ್ನು ಯಾರು ಉಳಿದ್ರು ಅಣ್ಣಾ?” ಎಂದಳು ತಂಗಿ.

“ನಾನು ಎಂಬತ್ತು ಅಂದ್ರೆ ಎಂಬತ್ತು. ನನ್ನ ಮಾತಿಗೆ ಬೆಲೆ ಇಲ್ವಾ?”

“ಇದೆ. ಹತ್ತಬೇಡ ಬಿಡು. ಆದ್ರೆ ಒಂದು ಹೇಳ್ಲಾ? ಅಪ್ಪ ನನ್ನ ಯಾವಾಗ್ಲೂ ಮುಂದೆ ಟ್ಯಾಂಕಿನ ಮೇಲೆ ಕೂರಿಸ್ತಿದ್ರು, ನಿನ್ನ ಹಿಂದೆ. ನಾನೂ ಹಿಂದೆ ಕೂರ್ತೀನಿ ಅಂತ ಅಳ್ತಿದ್ದೆ. ಆಗೇನು ಹೇಳ್ತಿದ್ರು ಗೊತ್ತಾ? ‘ಹಿಂದೆ ಅವನೇ ಬೇಕು ಕಣಮ್ಮ. ಅವನು ಕೂತ್ರೆ ಗಾಡಿ ಎಂಥ ಗುಂಡೀಲೂ ಹಾರಲ್ಲ.’”

ಗ್ಯಾರೇಜ್ ಭಾವ ಮೋಟಾರ್ ಸೈಕಲಿನ ಹಿಂದಿನ ಸೀಟು ನೋಡಿದ. ನಡುವೆ ಅಗಲವಾಗಿ ತಗ್ಗಿಹೋಗಿತ್ತು. ಆಮೇಲೆ ಚಪ್ಪಲಿ ಬಿಟ್ಟ. ಕೈಗಡಿಯಾರ ಬಿಚ್ಚಿದ. ಗ್ಯಾರೇಜಿನ ಬೀಗದ ಕೈ ಗೊಂಚಲು, ಫೋನು, ಎರಡು ಸ್ಪ್ಯಾನರು, ಒಂದು ಇಕ್ಕಳ ಒಂದೊಂದಾಗಿ ಜೇಬಿನಿಂದ ತೆಗೆದು ಕುರ್ಚಿಯ ಮೇಲೆ ಇಟ್ಟ.

“ಅದೆಲ್ಲ ಇಟ್ಕೊಂಡೇ ತಾನೇ ಲಿಫ್ಟ್ ಹತ್ತಿದ್ದು?” ಎಂದಳು ತಂಗಿ.

ಎಲ್ಲವನ್ನೂ ಒಂದೊಂದಾಗಿ ಮತ್ತೆ ಜೇಬಿಗೆ ಹಾಕಿಕೊಂಡು ಆತ ಯಂತ್ರ ಹತ್ತಿದ. ಕಣ್ಣು ಮುಚ್ಚಿಕೊಂಡ.

“ನೂರ ಎಂಟು,” ಎಂದ ಗುಜರಿಯವನು, ಗೌರವದಿಂದ.

ವಿಜ್ಞಾನಿಯ ಪೆನ್ಸಿಲ್ ಓಡಿತು. “ಇನ್ನೂರ ನಲವತ್ತಮೂರು!” ಎಂದು ಕಿರುಚಿದ. “ಮೂರು ಕಿಲೋ ಜಾಸ್ತಿ! ಎಲ್ಲಿ ಬಾಗಬೇಕೋ ಅಲ್ಲೇ ಬಾಗಿದೆ! ಭಾವ, ನಿಮ್ಮಿಂದಲೇ ಬಾಗಿದ್ದು!” ಎಂದು ತಾನೂ ಯಂತ್ರ ಹತ್ತಿ ಭಾವನನ್ನು ಅಪ್ಪಿಕೊಂಡ. ಮುಳ್ಳು ಇನ್ನೂ ಐವತ್ತೆಂಟು ಕಿಲೋ ಮುಂದೆ ಹೋಯಿತು. ಅದನ್ನು ಓದಬೇಕೆಂದು ಯಾರೂ ಕೇಳಲಿಲ್ಲ.

ನಿರೀಕ್ಷಕರು ಮೊಹರಿದ್ದ ಪುಟಗಳನ್ನು ಮೆಲ್ಲಗೆ ಹರಿದು ಜೇಬಿಗೆ ಹಾಕಿಕೊಂಡರು. “ಇದು ಕರಡು ಪ್ರತಿ,” ಎಂದರು ನಮ್ಮ ಕಡೆ ತಿರುಗಿ. ಯಾರೂ ಅಡ್ಡಿಪಡಿಸಲಿಲ್ಲ. ಆ ಕಾಗದ ಬೀದಿಯಿಂದ ಎಷ್ಟು ದೂರ ಹೋದರೆ ಅಷ್ಟು ಕ್ಷೇಮವೆಂದು ಎಲ್ಲರಿಗೂ ಅನ್ನಿಸಿತ್ತು.

ಮೋಟಾರ್ ಸೈಕಲಿನ ಹಗ್ಗವನ್ನು ಗ್ಯಾರೇಜ್ ಭಾವನೇ ಬಿಚ್ಚಿದ. ಬಾಗಿದ ಕಡ್ಡಿಯೊಂದನ್ನು ಎತ್ತಿ ತಿರುಗಿಸಿ ನೋಡಿ, “ಎಲ್ಲಾ ಸರಿ ಭಾವ, ಈ ಊದುಬತ್ತಿ ಯಾಕೆ ಹಾಕಿದ್ರಿ?” ಎಂದು, ಆಟೋದ ಪೆಟ್ಟಿಗೆಯಿಂದ ಹೆಬ್ಬೆರಳು ದಪ್ಪದ ನಾಲ್ಕು ಬೋಲ್ಟು ತಂದು ಕೊಟ್ಟ. ಓರೆಯಾದ ಹಲಗೆಯನ್ನು ಎಲ್ಲರೂ ಸೇರಿ ಸರಿಪಡಿಸಿದೆವು. ಗಾಡಿಯನ್ನು ಹತ್ತಿಸಿ ಬಿಗಿದೆವು. ವಿಜ್ಞಾನಿ ಜ್ಯಾಕ್ ಒತ್ತಿದ. ಒಂದು, ಎರಡು, ಮೂರು, ನಾಲ್ಕು, ಐದು. ಮಾವನವರ ಮೋಟಾರ್ ಸೈಕಲ್ ಮಿಸುಕದೆ ಮೇಲೆ ನಿಂತಿತು. ಕೆಳಗಿನಿಂದ ನೋಡಿದರೆ ಸ್ವಲ್ಪ ಗರ್ವ ಬಂದ ಹಾಗೆಯೂ ಕಾಣಿಸಿತು.

ಜನ ಚದುರಿದರು. ಬಹುತೇಕರು ಬೇಕರಿಯ ಕಡೆಗೆ.

ವಿಜ್ಞಾನಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಂದಿಷ್ಟೂ ಬಗ್ಗದೆ, ಎಂಜಿನ್ನನ್ನು ಕಣ್ತುಂಬ ನೋಡಿದ. ಸ್ಪ್ಯಾನರಿಗೆಂದು ಕೈ ಚಾಚಿದರೆ ಅದು ಆಗಲೇ ಹೆಂಡತಿಯ ಕೈಯಲ್ಲಿತ್ತು. ಅವಳು ತುದಿಗಾಲಲ್ಲಿ ನಿಂತು ಟ್ಯಾಂಕಿನ ಕೆಳಗಿನ ಒಂದು ನಟ್ಟಿಗೆ ಎಟುಕಲು ನೋಡುತ್ತಿದ್ದಳು.

“ಒಂದು ತೂತು ಕೆಳಗಿಳಿಸಿ,” ಎಂದಳು.

“ಇದೇ ಸರಿಯಾದ ಎತ್ತರ ಕಣೇ. ಸೊಂಟಕ್ಕೆ ಸರಿಯಾಗಿ ಲೆಕ್ಕ ಹಾಕಿದೀನಿ.”

“ಯಾರ ಸೊಂಟಕ್ಕೆ?”

ವಿಜ್ಞಾನಿ ಕಿವಿಯಿಂದ ಪೆನ್ಸಿಲ್ ತೆಗೆದು, ಪುಸ್ತಕದಲ್ಲಿ ಮೊಹರಿಲ್ಲದ ಒಂದು ಪುಟ ಹುಡುಕಿ, ಬಹಳ ಮರ್ಯಾದೆಯಿಂದ ಕೇಳಿದ:

“ನಿನ್ನ ಸೊಂಟ ನೆಲದಿಂದ ಎಷ್ಟು ಎತ್ತರ?”

“ಬರ್ಕೊಳ್ಳೋದು ಆಮೇಲೆ,” ಎಂದು ಅವಳು ತೋಳು ಮೇಲಕ್ಕೆ ಮಡಚಿದಳು. “ಮೊದಲು ಇಳಿಸಿ. ನಾನು ಸಾಕು ಅಂದಾಗ ನಿಲ್ಲಿಸಿ.”

ಆತ ಜ್ಯಾಕಿನ ಬಳಿ ಕುಕ್ಕರಗಾಲಲ್ಲಿ ಕೂತು, ಅವಳ ಮುಖ ನೋಡುತ್ತ, ಇಳಿಸತೊಡಗಿದ.